ಮಿಲ್ಟ್ರಿ ಮೇಸ್ತ್ರಿಯ ಹರಕೆ

ಯೇಸುಸ್ವಾಮಿಯ ಸಾಕುತಂದೆ, ಬಡಗಿ ಸಂತ ಜೋಸೆಫರ ಮಾರ್ಚ್ 19ರ ಹಬ್ಬ ಬರುವುದು ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ ನಡುವೆ. ಆ ಕಾಲ ಶುರುವಾಗುವ ಬೂದಿ ಬುಧವಾರದಿಂದ ನೇರಳೆ ಉಡುಪಿನಲ್ಲಿ ಪೂಜೆ ಮಾಡುವ ಗುರುಗಳು ಅವತ್ತು ಬಿಳಿ ಉಡುಪು ತೊಡುತ್ತಾರೆ. ತಪಸ್ಸುಕಾಲಕ್ಕೆಂದು ನಿಲ್ಲಿಸಿದ್ದ ದೇವಸ್ತುತಿಯ ಹಾಡು ಮಹಿಮಾಗಾನವನ್ನು ಅವತ್ತು ಹಾಡುತ್ತೇವೆ. ಸಾಗರ ಸೀಮೆಯ ನಮ್ಮ ಸಣ್ಣ ಊರಿನಲ್ಲಿ ಈ ಹಬ್ಬಕ್ಕೆ ಇನ್ನೊಂದು ಗುರುತೂ ಇತ್ತು. ಪೂಜೆ ಮುಗಿದು ಜನ ಅಂಗಳಕ್ಕೆ ಇಳಿಯುವಷ್ಟರಲ್ಲಿ ಮಿಲ್ಟ್ರಿ ಮೇಸ್ತ್ರಿ ಇಗರ್ಜಿಯ (ಚರ್ಚಿನ) ಗೋಡೆಗೆ ಏಣಿ ಇಟ್ಟಿರುತ್ತಿದ್ದರು. ಈ ವರ್ಷದ ಹಬ್ಬ ಅವರಿಲ್ಲದೆ ನಡೆಯಿತು.

ಅವರ ಅಪ್ಪ ಶರಾವತಿ ಯೋಜನೆಯ ಕಲ್ಲು ಕೆಲಸಕ್ಕೆಂದು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೂ ಇಲ್ಲೇ ನಿಂತರು. ಮಗ ಅಪ್ಪನಿಂದ ಕರಣೆ ಹಿಡಿಯುವುದನ್ನು ಕಲಿತು, ಮೀಸೆ ಚಿಗುರುವ ಹೊತ್ತಿಗೆ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಪಕ್ಕದ ಸೇನಾ ಎಂಜಿನಿಯರ್ ಪಡೆ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದರು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ನೆಲಬಾಂಬುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದು ಈ ಗ್ರೂಪಿನ ಸೈನಿಕರಾದ ಮದ್ರಾಸ್ ಸ್ಯಾಪರ್‌ಗಳು. ಇವರೂ ಆ ಪಡೆಯಲ್ಲಿದ್ದರು.

ಯುದ್ಧದ ಕತೆ ಹೇಳಿ ಮಾಮ ಎಂದು ಹುಡುಗರು ದುಂಬಾಲು ಬಿದ್ದರೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, ಜಪಸರದ ಪ್ರಾರ್ಥನೆ ಮುಗಿದು ಜಗುಲಿಯಲ್ಲಿ ಕೂತಿದ್ದಾಗ, ತಾವಾಗಿಯೇ ಬಾಯಿಬಿಟ್ಟರು. ನೆಲಬಾಂಬು ಹುಡುಕುವವನು ನಿಂತು ನಡೆಯುವ ಹಾಗಿಲ್ಲವಂತೆ. ಮೊಣಕಾಲೂರಿ, ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲಗೆ ಇಳಿಸಿ, ಏನಾದರೂ ತಾಗಿತೇ ಎಂದು ಬೆರಳಿನಲ್ಲೇ ತಿಳಿಯಬೇಕು. ತಾಗದಿದ್ದರೆ ಸ್ವಲ್ಪ ಮುಂದೆ ಸರಿದು ಮತ್ತೆ ಅದೇ. "ಮೊಣಕಾಲೂರೋದನ್ನ ಅವ್ವ ಕಲಿಸಿದ್ಳು. ಯಾಕೆ ಊರಬೇಕು ಅಂತ ಅಲ್ಲಿ ಗೊತ್ತಾಯ್ತು" ಎಂದರು. ಜೀವಸಹಿತ ಊರಿಗೆ ಮುಟ್ಟಿದರೆ ಇಗರ್ಜಿಯ ಮಾಡು ಸೋರದ ಹಾಗೆ ಬದುಕಿರುವ ತನಕ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಸಂತ ಜೋಸೆಫರಿಗೆ ಹರಕೆ ಹೊತ್ತರಂತೆ.

ಮಲೆನಾಡಿನಲ್ಲಿ ಇದು ಎಷ್ಟು ದೊಡ್ಡ ಹರಕೆ ಎಂದು ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು. ಮಂಗಳೂರು ಹಂಚಿನ ಅಂಚಿನಲ್ಲಿ ಒಂದಕ್ಕೊಂದು ಕೂರುವ, ಸಣ್ಣ ತೋಡಿನಂಥ ಗಾಡಿ ಇರುತ್ತದೆ. ಆ ಗಾಡಿಯಲ್ಲಿ ತರಗೆಲೆ ಕೊಳೆತು ಪಾಚಿ ಕಟ್ಟಿದರೆ ನೀರು ಸೂರಿಗೆ ಹರಿಯದೆ ಒಳಕ್ಕೆ ತಿರುಗುತ್ತದೆ. ಮಂಗ ಹಾರಿ ಒಡೆದ ಹಂಚಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಹಂಚು ಕೂರುವ ರೀಪು ಮೆತ್ತಗಾಗಿ, ಅದನ್ನು ಹೊರುವ ಪಕಾಸಿಗೆ ಗೆದ್ದಲು ಹತ್ತಿದ ಮೇಲೇ ಗೊತ್ತಾಗುವುದು. ಹಾಗಾಗಿ ಅವರು ಪ್ರತಿ ವರ್ಷ ಒಂದೊಂದು ಪಾಲು ಹಂಚನ್ನು ಕೆಳಗಿಳಿಸಿ, ತೆಂಗಿನ ನಾರಿನಿಂದ ಗಾಡಿ ಗಾಡಿಯನ್ನೂ ಉಜ್ಜಿ, ಬಿಸಿಲಿಗೆ ಒರಗಿಸಿ, ಸೂರಿನಿಂದ ಮೇಲಕ್ಕೆ ಸಾಲು ಹಿಡಿದು ಮತ್ತೆ ಹೊದೆಸುತ್ತಿದ್ದರು. ಬೆರಳ ಗೆಣ್ಣಿನಿಂದ ಹಂಚನ್ನು ತಟ್ಟಿ ಕಿವಿಗೊಡುವರು. ಠಣ್ ಎಂದರೆ ಮೇಲಕ್ಕೆ. ಮಂಕು ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದು ಪಕ್ಕಕ್ಕೆ. ಕೂಲಿ ತೆಗೆದುಕೊಂಡವರಲ್ಲ, ಫಾದರ್ ಒತ್ತಾಯ ಮಾಡಿದರೂ.

ಹೊಟ್ಟೆಪಾಡಿಗೆ ಊರಿನ ಮನೆ ಕಟ್ಟಿದರು. ಶಾಲೆಯ ಗೋಡೆ, ಬಾವಿಕಟ್ಟೆ, ಅಡಿಕೆ ಬೆಳೆಗಾರರ ಮನೆಗಳು. ಜಂಬಿಟ್ಟಿಗೆ ಕಲ್ಲು ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಎಷ್ಟೇ ಅವಸರದ ಯಜಮಾನನಾದರೂ ಅದು ಆರುವ ತನಕ ಕಾಯಲೇಬೇಕಿತ್ತು. ಗುದ್ದಲಿ ಪೂಜೆಯಲ್ಲಿ ಚಪ್ಪಲಿ ಕಳಚಿ, ಕೈಮುಗಿದು, ಭಟ್ಟರ ಮಂತ್ರ ಮುಗಿಯುವ ತನಕ ನಿಲ್ಲುತ್ತಿದ್ದರು. ಆಮೇಲೆ ಪಾಯದ ಮೊದಲ ಗಾರೆಯ ಮೇಲೆ ಕರಣೆ ತುದಿಯಿಂದ ಸಣ್ಣದೊಂದು ಶಿಲುಬೆ ಗೀಚಿ, ಅದರ ಮೇಲೆ ಕಲ್ಲು ಕೂರಿಸುವರು. ನಮ್ಮೂರಲ್ಲಿ ಅದಕ್ಕೆ ಯಾರೂ ಬೇಡವೆಂದದ್ದು ನಾನು ಕೇಳಿಲ್ಲ. ಈ ಮಾತು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ.

ನಾಲ್ಕು ಸುವಾರ್ತೆಗಳನ್ನು ಪೂರ್ತಿ ಓದಿದರೂ ಜೋಸೆಫರ ಬಾಯಿಂದ ಬಂದ ಒಂದು ಮಾತೂ ಸಿಗುವುದಿಲ್ಲ. ಹಬ್ಬದ ದಿನ ಓದುವ ಮತ್ತಾಯನ ಸುವಾರ್ತೆಯಲ್ಲಿ ದೇವದೂತ ಕನಸಿನಲ್ಲಿ ಬಂದು ಹೇಳುತ್ತಾನೆ, ಜೋಸೆಫರು ಎದ್ದು ಹೇಳಿದ ಹಾಗೆ ಮಾಡುತ್ತಾರೆ, ಅಷ್ಟೆ. ಅವರು ನಜರೇತಿನಲ್ಲಿ ಮಾಡಿದ ಬಾಗಿಲೋ ನೊಗವೋ ಇವತ್ತು ಯಾರ ಬಳಿಯೂ ಇಲ್ಲ. ಆದರೂ ಯೇಸುಸ್ವಾಮಿಯ ಕೈಗೆ ಕೆಲಸ ಹತ್ತಿದ್ದು ಆ ಕೈಗಳಿಂದ. 1870ರಲ್ಲಿ ಒಂಬತ್ತನೇ ಪಯಸ್ ಜಗದ್ಗುರುಗಳು (ಪೋಪ್) ಇಡೀ ಧರ್ಮಸಭೆಯನ್ನು ಈ ಕೆಲಸಗಾರನ ಪಾಲನೆಗೆ ಒಪ್ಪಿಸಿದ್ದು ನನಗೆ ತುಂಬ ಸರಿ ಎನ್ನಿಸುತ್ತದೆ. ನಮ್ಮ ಮೇಸ್ತ್ರಿ ಗಟ್ಟಿಯಾಗಿ ಪ್ರಾರ್ಥನೆ ಹೇಳಿದವರಲ್ಲ, ಇಗರ್ಜಿಯಲ್ಲಿ ಕೊನೆಯ ಬೆಂಚಿನವರು. ಅವರ ಭಕ್ತಿಯನ್ನು ನೋಡಬೇಕಿದ್ದರೆ ತಲೆ ಎತ್ತಿ ಮಾಡು ನೋಡಬೇಕಿತ್ತು.

ಜೋಸೆಫರು ತೀರಿಕೊಳ್ಳುವಾಗ ಯೇಸುವೂ ಮರಿಯಮ್ಮನವರೂ ಪಕ್ಕದಲ್ಲಿದ್ದರೆಂಬ ನಂಬಿಕೆಯಿಂದ ನಾವು ಒಳ್ಳೆಯ ಮರಣಕ್ಕಾಗಿ ಅವರನ್ನು ಬೇಡುತ್ತೇವೆ. ಮೇಸ್ತ್ರಿಗೆ ಅದು ಸಿಕ್ಕಿತು. ಮನೆಯವರ ನಡುವೆ, ತಮ್ಮ ಮಂಚದಲ್ಲಿ, ಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಪಡೆದು ಹೊರಟರು. ಅಭ್ಯಂಗ ಕೊಟ್ಟು ಎದ್ದ ಗುರುಗಳ ಕೈ ಹಿಡಿದು, "ಫಾದರ್, ಪಡುವಣ ಮೂಲೆಯ ಎರಡು ಪಕಾಸಿ ಈ ಮಳೆಗಾಲ ತಡೆಯಲ್ಲ" ಎಂದರಂತೆ.

ಹಬ್ಬದ ಪೂಜೆಯ ನಂತರ ಊರಿನ ಹುಡುಗರು ಆ ಮೂಲೆಯ ಹಂಚು ಇಳಿಸಿದರು. ಮೇಸ್ತ್ರಿ ಹೇಳಿದ ಎರಡಕ್ಕೂ ಗೆದ್ದಲು ಹತ್ತಿತ್ತು, ಬೇರೆ ಹಾಕಿದ್ದಾಯಿತು. ಒಡೆದ ಹಂಚುಗಳಿಗೆ ಬದಲಿ ಇನ್ನೂ ಸಾಕಾಗಿಲ್ಲ. ಈಗಿನ ಹಂಚು ಆ ಹಳೆಯ ಗಾಡಿಗೆ ಕೂರುತ್ತಿಲ್ಲ. ಹಳೆ ಮನೆ ಕೆಡವಿ ಹಂಚು ಇಟ್ಟುಕೊಂಡವರು ಯಾವ ಜಾತಿ, ಮತದವರಾದರೂ ಸರಿ, ಮಳೆ ಹಿಡಿಯುವ ಮೊದಲು ಇಗರ್ಜಿಗೆ ತಿಳಿಸಿ. ಹುಡುಗರೇ ಬಂದು ಹೊತ್ತು ತರುತ್ತಾರೆ.