ವೆನಿಸ್‌ನ ಬಾವಿಕಟ್ಟೆಗಳು

ವೆನಿಸ್‌ಗೆ ಹೋಗಿಬಂದವರ ಫೋನಿನಲ್ಲಿ ಗೊಂಡೋಲಾ, ರಿಯಾಲ್ಟೊ ಸೇತುವೆ ಇದ್ದೇ ಇರುತ್ತವೆ. ಬಾವಿಕಟ್ಟೆಯ ಚಿತ್ರ ಅಪರೂಪ. ಆ ಊರನ್ನು ನೂರಾರು ವರ್ಷ ಸಾಕಿದ್ದು ಅದೇ. ಸುತ್ತ ಎಲ್ಲಿ ನೋಡಿದರೂ ನೀರು, ಎಲ್ಲ ಉಪ್ಪು.

ಮನೆಗಳ ನಡುವಿನ ಬಯಲಿಗೆ ಅಲ್ಲಿ ಕಾಂಪೊ ಅನ್ನುತ್ತಾರೆ. ಅದರ ಮಧ್ಯೆ ಕೆತ್ತನೆಯ ಕಲ್ಲಿನ ಕಟ್ಟೆ. ನಮ್ಮ ಸೇದುವ ಬಾವಿಯಂತೆ ಕಂಡರೂ ಕೆಳಗೆ ಸೆಲೆಯಿಲ್ಲ, ಇದು ಮಳೆನೀರಿನ ತೊಟ್ಟಿ. ಅಗಲವಾದ ಗುಂಡಿ ತೋಡಿ, ಉಪ್ಪುನೀರು ಒಸರದಂತೆ ತಳಕ್ಕೂ ಬದಿಗೂ ಜೇಡಿಮಣ್ಣು ಮೆತ್ತಿ, ಮರಳು ತುಂಬುತ್ತಿದ್ದರು. ನಡುವೆ ಇಟ್ಟಿಗೆಯ ಕೊಳವೆ. ಮಳೆನೀರು ಕಟ್ಟೆಯ ಸುತ್ತಲಿನ ತೂತುಕಲ್ಲುಗಳಲ್ಲಿ ಇಳಿದು, ಮರಳಿನಲ್ಲಿ ಸೋಸಿಕೊಂಡು, ಕೊಳವೆಯ ಬುಡಕ್ಕೆ ಸೇರುತ್ತಿತ್ತು. ತಲೆ ತಗ್ಗಿಸಿ ನಡೆದರೆ ಆ ಕಲ್ಲುಗಳು ಈಗಲೂ ಸಿಗುತ್ತವೆ, ಹೆಚ್ಚಾಗಿ ಎರಡೋ ನಾಲ್ಕೋ. ನೆಲ ಅವುಗಳತ್ತ ತುಸು ಇಳಿಜಾರಾಗಿರುತ್ತದೆ. ಸಮುದ್ರದ ಭರತ ಏರಿದಾಗ ಅದೇ ತೂತುಗಳಿಂದ ಉಪ್ಪುನೀರು ನುಗ್ಗಿದರೆ ಇಡೀ ಬಾವಿ ಕೆಡುತ್ತಿತ್ತು. ಕೆಲವು ಕಟ್ಟೆಗಳನ್ನು ಮೆಟ್ಟಿಲು ಹತ್ತಿಸಿ ಜಗುಲಿಯ ಮೇಲೆ ಕೂರಿಸಿದ್ದು ಇದಕ್ಕೇ. 1884ರಲ್ಲಿ ಒಳನಾಡಿನಿಂದ ಕೊಳವೆ ನೀರು ಬಂದ ಮೇಲೆ ಬಾವಿಗಳಿಗೆ ಲೋಹದ ಮುಚ್ಚಳ ಬಿತ್ತು.

ಭರತದ ಲೆಕ್ಕವನ್ನು ಹೋಗುವ ಮುಂಚೆಯೇ ತಿಳಿದಿರಬೇಕು. 110 ಸೆಂ.ಮೀ. ಎಂಬ ಎಚ್ಚರಿಕೆ ಕಂಡು ಎದೆಮಟ್ಟದ ನೀರು ಎಂದು ಹೆದರುವವರಿದ್ದಾರೆ. ಆ ಅಂಕಿ ಬೀದಿಯಲ್ಲಿ ನಿಂತ ನೀರಿನ ಆಳವಲ್ಲ. 1897ರ ಸಮುದ್ರಮಟ್ಟದಿಂದ ಅಳೆದ ಎತ್ತರ. 2020ರ ಅಕ್ಟೋಬರ್‌ನಿಂದ ಮೋಸೆ ಎಂಬ 78 ಉಕ್ಕಿನ ಬಾಗಿಲುಗಳು ಎದ್ದು ಸಮುದ್ರವನ್ನು ತಡೆಯುತ್ತಿವೆ. ಆದರೆ ಅವನ್ನು ಎತ್ತುವುದು ಸಾಮಾನ್ಯವಾಗಿ ಮುನ್ಸೂಚನೆ 110 ಮುಟ್ಟಿದಾಗ. ಸಂತ ಮಾರ್ಕನ ಚೌಕ ಊರಿನ ತಗ್ಗು ಜಾಗ, 90ಕ್ಕೇ ಒದ್ದೆಯಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಹೋಗುವವರು ರಬ್ಬರ್ ಬೂಟನ್ನು ಮರೆಯಬಾರದು.

ಚಕ್ರದ ದೊಡ್ಡ ಸೂಟ್‌ಕೇಸ್ ಬೇಡವೇ ಬೇಡ. ಸೇತುವೆಗಳಿಗೆಲ್ಲ ಮೆಟ್ಟಿಲು, ಹೊರುವವರು ನೀವೇ. ಹೋಟೆಲ್ ವಿಳಾಸದಲ್ಲಿ ಬರೀ ‘ಕಾಸ್ತೆಲ್ಲೊ’ ಎಂಬ ವಾರ್ಡಿನ ಹೆಸರು ಮತ್ತು ನಾಲ್ಕಂಕಿಯ ಸಂಖ್ಯೆ ಇದ್ದರೆ ದಾರಿ ಸಿಗುವುದಿಲ್ಲ, ಯಾಕೆಂದರೆ ಸಂಖ್ಯೆಗಳು ಬೀದಿಯ ಲೆಕ್ಕದಲ್ಲಲ್ಲ, ಇಡೀ ವಾರ್ಡಿಗೆ ಒಂದೇ ಸಾಲಿನಲ್ಲಿ ಓಡುತ್ತವೆ. ಓಣಿಯ ಹೆಸರನ್ನೂ ಹತ್ತಿರದ ದೋಣಿ ನಿಲ್ದಾಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ದೊಡ್ಡ ಕಾಲುವೆ ನೋಡಲು 1ನೇ ನಂಬರಿನ ವಪೊರೆತ್ತೊ ಎಂಬ ಸಾರ್ವಜನಿಕ ದೋಣಿ ಸಾಕು. ಅದು ನಮ್ಮ ಸಿಟಿ ಬಸ್ಸಿದ್ದ ಹಾಗೆ, ನಿಲ್ದಾಣಕ್ಕೊಮ್ಮೆ ನಿಲ್ಲುತ್ತದೆ. ಅದು ಹೊರಡುವ ಪಿಯಾತ್ಸಾಲೆ ರೋಮಾ ನಿಲ್ದಾಣದಲ್ಲಿ ಹತ್ತಿದರೆ ಒಳ್ಳೆಯದು, ಅಲ್ಲಿ ಸೀಟು ಸಿಗುವ ಸಾಧ್ಯತೆ ಹೆಚ್ಚು. ಸಂತ ಮಾರ್ಕನ ಕಡೆಯಿಂದ ಸಂಜೆ ಹತ್ತಿದರೆ ಬೆನ್ನುಗಳೇ ಕಾಣುವುದು.

ನೀರಿನ ಬಾಟಲಿ ಕೊಳ್ಳುವ ಅಗತ್ಯವೂ ಇಲ್ಲ. ಹಳೆಯ ಬಾವಿಕಟ್ಟೆಯಿಂದ ಹತ್ತು ಹೆಜ್ಜೆ ಆಚೀಚೆ ಎಷ್ಟೋ ಕಡೆ ಕಬ್ಬಿಣದ ಪುಟ್ಟ ನಲ್ಲಿ ಕಂಬವೊಂದು ಸುರಿಯುತ್ತಿರುತ್ತದೆ. ಆ ನೀರು ಕುಡಿಯಬಹುದು, ಕಾಸಿಲ್ಲ.