ಫುಲ್‌ಸ್ಕ್ರೀನಿಗೆ ಹೋದಾಗಲೇ ಮಿಟುಕುವ ಪರದೆ

ಪುಟ್ಟ ವಿಂಡೋದಲ್ಲಿ ನೆಟ್ಟಗೆ ಓಡುವ ಆಟ ಫುಲ್‌ಸ್ಕ್ರೀನಿಗೆ ಹೋದ ಕೂಡಲೇ ಪಟಪಟ ಮಿಟುಕಿದರೆ ಮೊದಲ ಬೈಗುಳ ಗ್ರಾಫಿಕ್ಸ್ ಡ್ರೈವರಿಗೆ. ಬಹುಪಾಲು ತಪ್ಪು ನಮ್ಮ ಕೋಡಿನಲ್ಲೇ ಇರುತ್ತದೆ. ಇಲ್ಲಿ ಆಟ ಬರೆಯಲು ಬಳಸುವ ಎಸ್‌ಡಿಎಲ್ 2 ಎಂಬ ಲೈಬ್ರರಿ ಇಟ್ಟುಕೊಂಡು ಹೇಳಿದ್ದೇನೆ.

ಬಫರ್‌ಗಳು, ಅಂದರೆ ಪರದೆಯ ಚಿತ್ರ ಇರುವ ಮೆಮೊರಿಯ ಜಾಗಗಳು, ಕನಿಷ್ಠ ಎರಡು. ಒಂದು ಪರದೆಯ ಮೇಲಿದ್ದರೆ ಇನ್ನೊಂದರಲ್ಲಿ ನೀವು ಬರೆಯುತ್ತಿರುತ್ತೀರಿ. ಬರೆದದ್ದನ್ನು ಪರದೆಗೆ ಕಳಿಸುವ ರೆಂಡರ್‌ಪ್ರೆಸೆಂಟ್ ಫಂಕ್ಷನ್ ಕರೆದಾಗ ಅದಲುಬದಲು. ಈಗ ಸ್ಕೋರ್ 10ರಿಂದ 20 ಆಯಿತೆನ್ನಿ. ಬದಲಾದದ್ದನ್ನಷ್ಟೇ ಬರೆದರೆ ಸಾಕೆಂದು ಒಂದೇ ಸಲ 20 ಬರೆದಿರಿ. ಅದು ಬಿದ್ದದ್ದು ಒಂದು ಬಫರಿನಲ್ಲಿ, ಇನ್ನೊಂದರಲ್ಲಿ 10 ಹಾಗೇ ಕೂತಿದೆ. 60 ಹರ್ಟ್ಸ್ ಪರದೆಯಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಎರಡೂ ಸರದಿಯಲ್ಲಿ ಬಂದು, ಅಂಕಿಗಳು ಒಂದರ ಮೇಲೊಂದು ಕುಣಿಯುತ್ತವೆ. ವಿಂಡೋದಲ್ಲಿದ್ದಾಗ ಎಷ್ಟೋ ಸಲ ಬಫರ್ ಬದಲಾಗದೆ ಅದರ ನಕಲಷ್ಟೇ ಪರದೆಗೆ ಹೋಗುವುದರಿಂದ ಹುಳುಕು ಮುಚ್ಚಿಕೊಂಡಿರುತ್ತದೆ, ಅಷ್ಟೇ. ಪ್ರೆಸೆಂಟ್ ಆದಮೇಲೆ ಬರೆಯಲು ಸಿಗುವ ಬಫರಿನಲ್ಲಿ ಏನಿದೆ ಎಂಬುದನ್ನು ನಂಬಲೇಬಾರದು.

ಹಾಗಾಗಿ ಪ್ರತಿ ಫ್ರೇಮಿನಲ್ಲೂ ಎಲ್ಲ ಒರೆಸುವ ರೆಂಡರ್‌ಕ್ಲಿಯರ್, ಆಮೇಲೆ ಹಿನ್ನೆಲೆಯಿಂದ ಸ್ಕೋರಿನವರೆಗೆ ಎಲ್ಲವನ್ನೂ ಬರೆಯುವುದು, ಕೊನೆಗೆ ಒಂದೇ ಒಂದು ಪ್ರೆಸೆಂಟ್. ಇಲ್ಲಿ ಜಿಪುಣತನ ಬೇಡ. 1920×1080 ಪರದೆಯನ್ನು ಒರೆಸುವುದು ಜಿಪಿಯುಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಹಿನ್ನೆಲೆ ನಿಜಕ್ಕೂ ಭಾರವಾಗಿದ್ದರೆ ಅದನ್ನೊಮ್ಮೆ ಟಾರ್ಗೆಟ್ ಟೆಕ್ಸ್ಚರಿಗೆ (ಪರದೆಯ ಬದಲು ನಾವು ಬರೆದಿಟ್ಟುಕೊಳ್ಳಬಹುದಾದ ಚಿತ್ರ) ಬರೆದಿಟ್ಟು, ಪ್ರತಿ ಫ್ರೇಮಿನಲ್ಲಿ ರೆಂಡರ್‌ಕಾಪಿ ಮಾಡಿ. ವಿಂಡೋಸಿನ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್3ಡಿ 9ರಲ್ಲಿ ಆಲ್ಟ್-ಟ್ಯಾಬ್ ಒತ್ತಿದರೆ ಆ ಟೆಕ್ಸ್ಚರ್ ಅಳಿಸಿಹೋಗಬಹುದು. ಎಸ್‌ಡಿಎಲ್‌ನಿಂದ ಟಾರ್ಗೆಟ್ಸ್ ರೀಸೆಟ್ ಈವೆಂಟ್ ಬಂದಾಗ ಮತ್ತೆ ಬರೆಯಿರಿ.

ಇನ್ನೊಂದು ಕಳ್ಳ, ಎರಡನೇ ಪ್ರೆಸೆಂಟ್. ಮೆನು ಬರೆಯುವ ಫಂಕ್ಷನ್ನಿನ ತುದಿಯಲ್ಲಿ ಯಾವಾಗಲೋ ಸೇರಿಸಿ ಮರೆತದ್ದಿರುತ್ತದೆ. ವಿಸಿಂಕ್ (ಪ್ರೆಸೆಂಟನ್ನು ಪರದೆಯ ರಿಫ್ರೆಶ್‌ಗೆ ಹೊಂದಿಸುವ ವ್ಯವಸ್ಥೆ) ಇದ್ದೂ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮುಗಳು, 60ರಿಂದ ಸರಿಯಾಗಿ 30ಕ್ಕೆ ಬಿದ್ದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಕಣ್ಣಿಗೆ ಸಿಗದಿದ್ದರೆ ಕ್ಲಿಯರ್ ಬಣ್ಣವನ್ನು 255, 0, 255 (ಕಣ್ಣಿಗೆ ಹೊಡೆಯುವ ಮೆಜೆಂಟಾ) ಮಾಡಿ, ಪ್ರತಿ ಪ್ರೆಸೆಂಟಿನ ನಂತರ 500 ಮಿಲಿಸೆಕೆಂಡ್ ಡಿಲೇ ಇಡಿ. ಫ್ರೇಮುಗಳು ಅರ್ಧ ಸೆಕೆಂಡಿಗೊಂದರಂತೆ ಬರುತ್ತವೆ. ಯಾವುದು ಒಂದು ಬಿಟ್ಟು ಒಂದರಲ್ಲಿ ಮಾಯವಾಗುತ್ತದೋ ಅದನ್ನು ಬರೆಯುವ ಸಾಲು ಹುಡುಕಿ.

ಮಿಟುಕುವುದು ಅಂಚಿನ ಕಪ್ಪು ಪಟ್ಟಿಗಳು ಮಾತ್ರವೇ? ಎಸ್‌ಡಿಎಲ್‌ನ ರೆಂಡರರ್ ಬಿಟ್ಟು ನೇರವಾಗಿ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಲೈಬ್ರರಿ ಬಳಸುವವರ ಪಾಡು ಇದು. ಅದರ ಒರೆಸುವ ಫಂಕ್ಷನ್ ಜಿಎಲ್‌ಕ್ಲಿಯರ್ ವ್ಯೂಪೋರ್ಟನ್ನು (ಚಿತ್ರ ಬೀಳುವ ಚೌಕ) ಲೆಕ್ಕಿಸುವುದಿಲ್ಲ, ಆದರೆ ಒಂದು ಚೌಕದ ಹೊರಗೆ ಏನೂ ಬರೆಯಬಿಡದ ಸಿಸರ್ ಟೆಸ್ಟಿಗೆ ತಲೆಬಾಗುತ್ತದೆ. ಸಿಸರ್ ಆನ್ ಇದ್ದರೆ ಪಟ್ಟಿಗಳಲ್ಲಿ ಹಳೆಯ ಕಸ ಉಳಿಯುತ್ತದೆ. ಕ್ಲಿಯರಿಗೆ ಮುಂಚೆ ಅದನ್ನು ಆಫ್ ಮಾಡಿ. ಎಸ್‌ಡಿಎಲ್‌ನ ರೆಂಡರ್‌ಕ್ಲಿಯರಿಗೆ ಈ ರಗಳೆಯಿಲ್ಲ.

ಚಿತ್ರ ಅಡ್ಡಕ್ಕೆ ಸೀಳಿದಂತೆ ಕಂಡರೆ ಅದು ಟೇರಿಂಗ್, ರೆಂಡರರ್ ಸೃಷ್ಟಿಸುವಾಗಲೇ ಪ್ರೆಸೆಂಟ್‌ವಿಸಿಂಕ್ ಫ್ಲ್ಯಾಗ್ ಕೊಡಿ. ಆಲ್ಟ್-ಟ್ಯಾಬ್ ಒತ್ತಿದಾಗ ಕ್ಷಣಕಾಲ ಕಪ್ಪಾಗುವುದು ಮಾನಿಟರಿನ ರೆಸಲ್ಯೂಷನ್ ಬದಲಾಗುವುದರಿಂದ. ಫುಲ್‌ಸ್ಕ್ರೀನ್ ಬದಲು ಫುಲ್‌ಸ್ಕ್ರೀನ್ ಡೆಸ್ಕ್‌ಟಾಪ್ ಫ್ಲ್ಯಾಗ್ ಬಳಸಿ, ಲಾಜಿಕಲ್ ಸೈಜನ್ನು (ಆಟ ತನ್ನದೆಂದು ಲೆಕ್ಕ ಹಾಕುವ ಅಳತೆ, ಎಸ್‌ಡಿಎಲ್ ಅದನ್ನು ಪರದೆಗೆ ಹಿಗ್ಗಿಸುತ್ತದೆ) 1280×720 ಎಂದೋ ಮತ್ತೊಂದೋ ಕೊಟ್ಟರೆ ಆ ಕಾಟ ತಪ್ಪುತ್ತದೆ.

ಇಷ್ಟಾದರೂ ಇಡೀ ಪರದೆಯ ಬೆಳಕು ಏರಿಳಿಯುತ್ತಿದ್ದರೆ, ಅದೂ ವಿಎ (ಒಂದು ಬಗೆಯ ಎಲ್‌ಸಿಡಿ) ಅಥವಾ ಓಎಲ್‌ಇಡಿ ಮಾನಿಟರಿನಲ್ಲಿ, ಆಟದ ವೇಗಕ್ಕೆ ತಕ್ಕಂತೆ ರಿಫ್ರೆಶ್ ದರ ಬದಲಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಆಫ್ ಮಾಡಿ ನೋಡಿ. ಫ್ರೇಮ್ ಸಮಯ ಏರುಪೇರಾದಂತೆ ರಿಫ್ರೆಶ್ ದರವೂ ಓಲಾಡಿ, ಅದರ ಜೊತೆ ಪ್ಯಾನೆಲ್ಲಿನ ಹೊಳಪೂ ಬದಲಾಗುತ್ತದೆ. ಆಫ್ ಮಾಡಿದಾಗ ನಿಂತರೆ ಕೋಡ್ ಕೆದಕಬೇಡಿ.