ಹದಿನೈದನೇ ಕ್ಲಬ್

ನಾನು ಕ್ಯಾಡಿ, ಗಾಲ್ಫ್ ಆಟಗಾರರ ಕ್ಲಬ್ ಅಂದರೆ ಕೋಲುಗಳ ಬ್ಯಾಗ್ ಹೊರೋನು. ಬೆಂಗಳೂರಲ್ಲಿ ಹನ್ನೊಂದು ವರ್ಷ ಮೆಂಬರ್‌ಗಳ ಬ್ಯಾಗ್ ಹೊತ್ತ ಮೇಲೆ ಒಬ್ಬ ಹುಡುಗನ ಜೊತೆ ಟೂರ್‌ಗೆ ಹೊರಟೆ. ಕ್ವಾಲಿಫೈಯಿಂಗ್ ಸ್ಕೂಲ್ ಅನ್ನೋ ಆಯ್ಕೆ ಟೂರ್ನಿ ಆಡಿ ಕಾರ್ಡ್, ಅಂದರೆ ಟೂರ್ ಆಡೋ ಅರ್ಹತೆ, ಗಿಟ್ಟಿಸಿದ್ದ, ಪ್ರೊ ಆಗಿ ಅದೇ ಮೊದಲ ವರ್ಷ. ನಾನು ಸರ್ ಅಂದರೆ "ಬೇಡ ಅಣ್ಣ, ಹೆಸರು ಹಿಡಿದು ಕರೀರಿ" ಅನ್ನೋನು.

ಪಿಜಿಟಿಐ ಅಂದರೆ ಭಾರತದ ವೃತ್ತಿಪರ ಗಾಲ್ಫ್ ಟೂರ್‌ನ ಟೂರ್ನಿಗಳಲ್ಲಿ 36 ಹೋಲ್, ಅಂದರೆ ಎರಡು ಸುತ್ತು, ಮುಗಿದಾಗ ಮೊದಲ 50 ಸ್ಥಾನದವರು, ಅವರ ಸಮಕ್ಕೆ ನಿಂತವರು ಉಳೀತಾರೆ, ಅದೇ ಕಟ್. ಮಿಕ್ಕವರಿಗೆ ಬಿಡಿಗಾಸೂ ಇಲ್ಲ. ಎಂಟ್ರಿ ಫೀ, ರೈಲು, ಲಾಡ್ಜ್, ನನ್ನ ವಾರದ ಸಂಬಳ ಎಲ್ಲ ಅವನ ಜೇಬಿಂದಲೇ. ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲ 60ರೊಳಗೆ ಬಂದರೆ ಕಾರ್ಡ್ ಉಳೀತು.

ಆವತ್ತು ಬೆಳಿಗ್ಗೆ ರೇಂಜ್‌ನಲ್ಲಿ ಎರಡು ವೆಜ್, ಅಂದರೆ ಹತ್ತಿರದ ಹೊಡೆತದ ಕ್ಲಬ್, ಹೊಡೆದು ನೋಡ್ತಿದ್ದ. ಒಂದನ್ನ ತೆಗೆದಿಡಬೇಕಿತ್ತು. ನಾನೋ ಗಾಳಿ ಯಾವ ಕಡೆ, ಗ್ರೀನ್, ಅಂದರೆ ಕುಳಿ ಸುತ್ತಲಿನ ಹುಲ್ಲು, ಎಷ್ಟು ವೇಗ ಅಂತ ದೊಡ್ಡ ತಲೆ ಓಡಿಸ್ತಿದ್ದೆ. ಮೂರನೇ ಟೀಯಲ್ಲಿ, ಅಂದರೆ ಮೂರನೇ ಹೋಲ್ ಶುರುವಾಗೋ ಜಾಗದಲ್ಲಿ, ಟವೆಲ್ ತೆಗೆಯೋಕೆ ಬಗ್ಗಿದಾಗ ಕಣ್ಣಿಗೆ ಬಿತ್ತು. ನಿಯಮದಲ್ಲಿ ಹೆಚ್ಚೆಂದರೆ 14 ಕ್ಲಬ್, ಬ್ಯಾಗಲ್ಲಿ 15. ಹೋಲ್‌ಗೆ ಎರಡು ಶಾಟ್ ದಂಡ, ಎರಡು ಹೋಲ್‌ಗೆ ನಾಲ್ಕು. ಒಂದು ಸುತ್ತಿಗೆ ಅದಕ್ಕಿಂತ ಹೆಚ್ಚು ಹಾಕೋಕೂ ಬರಲ್ಲ, ಪೂರ್ತಿ ಹಾಕಿಸಿದ್ದೆ. ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಆ ವೆಜ್ಜನ್ನ ಆಟಕ್ಕಿಲ್ಲ ಅನ್ನೋ ಗುರುತಿಗೆ ತಲೆಕೆಳಗು ಮಾಡಿ ಬ್ಯಾಗಿಗೆ ಸಿಕ್ಕಿಸಿ ಮಿಕ್ಕ 16 ಹೋಲ್ ಹೊತ್ತು ನಡೆದೆ.

ಮರುದಿನ ಚೆನ್ನಾಗೇ ಆಡಿದ. ಕಟ್ ತಪ್ಪಿದ್ದು ಮೂರು ಶಾಟ್‌ಗೆ.

ರಾತ್ರಿ ಒಬ್ಬ ಹಿರಿಯ ಕ್ಯಾಡಿ ಸಮಾಧಾನಕ್ಕೆ ವೇಲ್ಸ್ ಗಾಲ್ಫರ್ ಇಯಾನ್ ವೂಸ್ನಮ್ ಕಥೆ ಹೇಳಿದ. 2001ರ ಬ್ರಿಟಿಷ್ ಓಪನ್, ಕೊನೇ ದಿನ, ಮೊದಲ ಹೋಲ್‌ನಲ್ಲೇ ಬರ್ಡಿ, ಅಂದರೆ ನಿಗದಿಗಿಂತ ಒಂದು ಶಾಟ್ ಕಡಿಮೆ. ಎರಡನೇ ಟೀಗೆ ಬಂದರೆ ಬ್ಯಾಗಲ್ಲಿ ಎರಡು ಡ್ರೈವರ್, ದೂರ ಹೊಡೆಯೋ ಕ್ಲಬ್! ಅವನ ಕ್ಯಾಡಿಯೂ ಎಣಿಸಿರಲಿಲ್ಲ. ಎರಡು ಶಾಟ್ ಹೋಯ್ತು, ಆದರೂ ವೂಸ್ನಮ್ ಜಂಟಿ ಮೂರನೇ ಸ್ಥಾನಕ್ಕೆ ಬಂದ. ನನಗೆ ಸಮಾಧಾನ ಆಗಲಿಲ್ಲ. ವೂಸ್ನಮ್ ಅಷ್ಟೊತ್ತಿಗಾಗಲೇ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದವನು, ನಮ್ಮ ಹುಡುಗ ಮುಂದಿನ ಊರಿನ ರೈಲಿಗೆ ಅಪ್ಪನ ಹತ್ತಿರ ದುಡ್ಡು ಕೇಳ್ತಿದ್ದ. ತಪ್ಪು ನನ್ನದು, ಹೋಗೋದು ಅವನ ಕಾರ್ಡ್. ನನಗೇನು, ಸೋಮವಾರ ಇನ್ನೊಬ್ಬರ ಬ್ಯಾಗ್ ಸಿಗುತ್ತೆ. ನಿದ್ದೆ ಕೆಡಿಸಿದ್ದು ಅದೇ.

ಆ ವರ್ಷ ಅವನು 60ರೊಳಗೆ ಬರಲಿಲ್ಲ. ಆ ನಾಲ್ಕು ಶಾಟ್‌ನಿಂದಲೇ ಅಂತಲ್ಲ, ಪಟ್ಟಿಂಗೂ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸೋದೂ, ಕೈಕೊಟ್ಟಿತ್ತು. ಮತ್ತೆ ಕ್ವಾಲಿಫೈಯಿಂಗ್‌ಗೆ ಹೋಗುವಾಗ ನನ್ನನ್ನೇ ಕರೆದ. ಮೊದಲ ಟೀ ಹತ್ತಿರ ಬ್ಯಾಗ್ ಇಳಿಸಿ ಒಂದೊಂದೇ ಮುಟ್ಟಿ ಎಣಿಸಿದೆ, 14. ಆಮೇಲೆ ಅವನೂ ಬಗ್ಗಿ ಎಣಿಸಿದ. ಸ್ವಲ್ಪ ಚುಚ್ಚಿತು. ಎಣಿಸಲಿ ಬಿಡಿ.